ಹೊಲದಲ್ಲಿ ಕಾಡುಮೊಲ ಕಮ್ಮಿ ಆಗಿವೆಯಾ? ನೀವೇ ಎಣಿಸಿ, ಕಾರಣ ಹುಡುಕುವ ಬಗೆ

ಒಂದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತಲೇ ಇದೆ. ಯಲಬುರ್ಗಾ, ಕುಷ್ಟಗಿ ಕಡೆಯವರು ಕೇಳುತ್ತಾರೆ: ಮೊದಲೆಲ್ಲ ಬೆಳಗ್ಗೆ ಹೊಲಕ್ಕೆ ಹೋದರೆ ಕಾಲಡಿಯಿಂದ ಮೊಲ ಎದ್ದು ಓಡುತ್ತಿತ್ತು, ಈಗ ಯಾಕೆ ಕಾಣುವುದಿಲ್ಲ? ಸಿಂಧನೂರು, ಕಾರಟಗಿ ಕಡೆಯವರ ಪ್ರಶ್ನೆ ಇನ್ನೊಂದು ಥರ: ಕಾಲುವೆ ಬಂತು, ನೀರು ಬಂತು, ವರ್ಷವಿಡೀ ಹಸಿರು ಇದೆ, ಆದರೂ ಮೊಲ ಯಾಕೆ ಜಾಸ್ತಿ ಆಗಲಿಲ್ಲ? ಬಳ್ಳಾರಿ ಕಡೆಯ ಕೆಲವರಿಗೆ ಮೊಲ ಕಡಲೆ ಚಿಗುರು ತಿನ್ನುವ ಚಿಂತೆ.

ಈ ಮೂರಕ್ಕೂ ಉತ್ತರ ಒಂದೇ ಜಾಗದಿಂದ ಶುರುವಾಗುತ್ತದೆ. ಹುಟ್ಟಿದ ಮೊಲದ ಮರಿಗೆ ಮೊದಲ ಒಂದು ತಿಂಗಳು ಅಲುಗಾಡದೆ ಅಡಗಿ ಮಲಗಲು ಒಣ ಜಾಗ ಇದೆಯೇ, ಇಲ್ಲವೇ? ತಾಯಿ ಎಷ್ಟು ಮರಿ ಹಾಕಿತು ಅನ್ನುವುದಕ್ಕಿಂತ ಇದೇ ದೊಡ್ಡ ಸಂಗತಿ. ಕೆಳಗಿನ ಹಂತಗಳನ್ನು ಓದುವಾಗ ಈ ಮರಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಪೆನ್, ಹತ್ತು ಗೂಟ, ಒಂದು ಹಗ್ಗ. ಹಗ್ಗದ ಉದ್ದ ಸರಿಯಾಗಿ 1 ಮೀಟರ್ 78 ಸೆಂಟಿಮೀಟರ್ ಇರಲಿ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ. ಫೋಟೊ ತೆಗೆಯಲು ಮೊಬೈಲ್ ಇದ್ದರೆ ಒಳ್ಳೆಯದು. ಇನ್ನು ಬೇಕಾಗುವುದು ಒಂದು ವರ್ಷದ ತಾಳ್ಮೆ. ಒಂದು ವಾರ ನೋಡಿ ಮೊಲ ಕಮ್ಮಿ ಆದವು, ಜಾಸ್ತಿ ಆದವು ಅಂತ ತೀರ್ಮಾನ ಮಾಡಲು ಬರುವುದಿಲ್ಲ.

ಹಂತ 1: ಯಾವ ಮೊಲ ಅನ್ನುವುದು ಗೊತ್ತಿರಲಿ

ನಮ್ಮಲ್ಲಿ ಎರಡಕ್ಕೂ ಮೊಲ ಅಂತಲೇ ಅನ್ನುತ್ತೇವೆ. ಆದರೆ ಮನೆಯಲ್ಲಿ ಸಾಕುವ ಬಿಳಿ ಮೊಲವೇ ಬೇರೆ, ಹೊಲದ ಕಾಡುಮೊಲವೇ ಬೇರೆ. ಸಾಕುಮೊಲದ ಮೂಲ ಯುರೋಪು. ಅದು ಬಿಲ ತೋಡುವ ಜಾತಿ. ಅದರ ಮರಿ ಕಣ್ಣು ಮುಚ್ಚಿಕೊಂಡು, ಮೈಮೇಲೆ ಕೂದಲಿಲ್ಲದೆ ಹುಟ್ಟುತ್ತದೆ.

ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆ ಇರುತ್ತದೆ. ಬಾಲದ ಮೇಲ್ಭಾಗವೂ ಕಪ್ಪು. ವಿಜ್ಞಾನದ ಹೆಸರು ಲೆಪಸ್ ನೈಗ್ರಿಕಾಲಿಸ್. ನೈಗ್ರಿಕಾಲಿಸ್ ಅಂದರೆ ಕಪ್ಪು ಕತ್ತಿನದು. ಅದರ ಮರಿ ಕಣ್ಣು ತೆರೆದುಕೊಂಡೇ, ಮೈತುಂಬ ಕೂದಲಿನೊಂದಿಗೆ ಹುಟ್ಟುತ್ತದೆ. ಹುಟ್ಟಿದ ಜಾಗವೇ ಅದಕ್ಕೆ ಮನೆ. ಹುಲ್ಲಿನ ನಡುವೆ ಒಂದು ಸಣ್ಣ ತಗ್ಗು, ಅಷ್ಟೇ. ಮೇಲೆ ಸೂರಿಲ್ಲ, ಒಳಗೆ ಹೋಗಿ ಸೇರಿಕೊಳ್ಳಲು ಬಿಲವಿಲ್ಲ.

ಮೊಲದ ಜಾತಿಗಳಲ್ಲಿ ತಾಯಿ ಮರಿಯ ಹತ್ತಿರ ಕೂತು ಕಾಯುವುದಿಲ್ಲ. ದಿನಕ್ಕೆ ಒಂದು ಸಲ, ಸಾಮಾನ್ಯವಾಗಿ ಕತ್ತಲಾದ ಮೇಲೆ, ಬಂದು ಹಾಲು ಕುಡಿಸಿ ಹೋಗುತ್ತದೆ. ಪದೇ ಪದೇ ಬಂದರೆ ನರಿ, ಕಾಡುಬೆಕ್ಕು ವಾಸನೆ ಹಿಡಿಯುತ್ತವೆ. ಉಳಿದ ಹೊತ್ತು ಮರಿ ಕಲ್ಲಿನಂತೆ ಮಲಗಿರುತ್ತದೆ.

ಎಚ್ಚರಿಕೆ: ಒಂಟಿ ಮರಿ ಕಂಡರೆ ತಾಯಿ ಬಿಟ್ಟು ಹೋಗಿದೆ ಅಂತ ಮನೆಗೆ ತರಬೇಡಿ. ಇದು ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು. ಮರಿ ಮುಟ್ಟದೆ ಅಲ್ಲೇ ಬಿಡಿ, ನಾಯಿಯನ್ನು ದೂರ ಕರೆದುಕೊಂಡು ಹೋಗಿ. ಗಾಯ ಆಗಿದ್ದರೆ ಮಾತ್ರ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ. ಹಾಗೆಯೇ, ಸಾಕಿದ ಬಿಳಿ ಮೊಲವನ್ನು ತಂದು ಹೊಲಕ್ಕೆ ಬಿಟ್ಟರೆ ಕಾಡುಮೊಲ ಹೆಚ್ಚುವುದಿಲ್ಲ. ಎರಡಕ್ಕೂ ಕೂಡುವ ಸಂಬಂಧವೇ ಇಲ್ಲ.

ಹಂತ 2: ಗುರುತು ಓದಲು ಕಲಿಯಿರಿ

ಕಾಡುಮೊಲ ಓಡಾಡುವುದು ಹೆಚ್ಚಾಗಿ ಕತ್ತಲಲ್ಲಿ, ನಸುಕಿನಲ್ಲಿ. ಆದ್ದರಿಂದ ಪ್ರಾಣಿಗಿಂತ ಅದು ಬಿಟ್ಟ ಗುರುತು ನೋಡುವುದೇ ಸುಲಭ.

ಮೊದಲನೆಯದು ಹಿಕ್ಕೆ. ಮೊಲದ ಹಿಕ್ಕೆ ದುಂಡಗೆ, ಸ್ವಲ್ಪ ಚಪ್ಪಟೆಯಾಗಿ, ಸುಮಾರು ಒಂದು ಸೆಂಟಿಮೀಟರ್ ಇರುತ್ತದೆ. ಒಣಗಿದಾಗ ತಿಳಿ ಕಂದು ಬಣ್ಣ. ಒಡೆದರೆ ಒಳಗೆ ಹುಲ್ಲಿನ ನಾರು ಚೂರು ಚೂರಾಗಿ ಕಾಣುತ್ತದೆ. ಆಡು, ಕುರಿ ಹಿಕ್ಕೆ ಉದ್ದುದ್ದ, ಹೆಚ್ಚು ಕಪ್ಪು, ಒಳಗೆ ನುಣುಪು. ನಮ್ಮ ಕಡೆ ಕುರಿ ಹಾಯದ ಹೊಲವೇ ಇಲ್ಲ, ಹಾಗಾಗಿ ಈ ವ್ಯತ್ಯಾಸ ಕಣ್ಣಿಗೆ ಕೂಡುವವರೆಗೆ ಎಣಿಸಲು ಶುರು ಮಾಡಬೇಡಿ. ಎರಡನ್ನೂ ಕೈಯಲ್ಲಿ ಹಿಡಿದು, ಒಡೆದು ನೋಡಿ. ಆಮೇಲೆ ಕೈ ಸೋಪು ಹಾಕಿ ತೊಳೆಯಿರಿ.

ಎರಡನೆಯದು ಹೆಜ್ಜೆ. ಮುಂಗಾಲಿನ ಎರಡು ಸಣ್ಣ ಗುರುತು ಒಂದರ ಹಿಂದೆ ಒಂದು ಇರುತ್ತವೆ. ಅದರ ಮುಂದೆ ಹಿಂಗಾಲಿನ ಎರಡು ಉದ್ದ ಗುರುತು ಅಕ್ಕಪಕ್ಕ ಬೀಳುತ್ತವೆ. ಮೊಲ ಹಾರಿದಾಗ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಹೋಗುತ್ತದೆ. ಇದು ತಿಳಿಯದೆ ಮೊಲ ಹೋದ ದಿಕ್ಕನ್ನು ತಿರುಗು ಮುರುಗು ಓದುವವರೇ ಜಾಸ್ತಿ.

ಮೂರನೆಯದು ಮಲಗಿದ ತಗ್ಗು. ಬಾರಿ ಗಿಡದ ಬುಡ, ತಂಗಡಿ ಪೊದೆ, ಬದುವಿನ ಹುಲ್ಲು ಇಂಥ ಕಡೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಉದ್ದನೆಯ, ನುಣ್ಣಗೆ ಒತ್ತಿದ ತಗ್ಗು ಕಾಣುತ್ತದೆ. ಕಂಡರೆ ದೂರದಿಂದ ಗುರುತು ಮಾಡಿಕೊಂಡು ಬನ್ನಿ. ದಿನಾ ಹೋಗಿ ಇಣುಕಿದರೆ ಮೊಲ ಆ ಜಾಗ ಬಿಡುತ್ತದೆ.

ನಾಲ್ಕನೆಯದು ತಿಂದ ಗುರುತು. ಮೊಲ ಕಡಿದ ದಂಟು ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗಿರುತ್ತದೆ. ದನ, ಆಡು ತಿಂದಿದ್ದರೆ ಎಳೆದು ಹರಿದಂತೆ ಇರುತ್ತದೆ.

ಹಂತ 3: ನಕ್ಷೆ ಬರೆಯಿರಿ

ಮೊಲದ ಓಡಾಟ ಹಲವು ಎಕರೆ. ಅದು ನಿಮ್ಮ ಹೊಲದ ಗಡಿಗೆ ನಿಲ್ಲುವುದಿಲ್ಲ. ಹೊಲದಿಂದ ನಾಲ್ಕೂ ದಿಕ್ಕಿಗೆ ಅರ್ಧ ಕಿಲೋಮೀಟರ್ ನಡೆದು ಕೈಯಿಂದಲೇ ಒಂದು ನಕ್ಷೆ ಬರೆಯಿರಿ. ಹುಲ್ಲಿರುವ ಬದು ಎಲ್ಲಿವೆ, ಬೋಳು ಬದು ಎಲ್ಲಿವೆ, ಹಳ್ಳ, ಗಾಯರಾಣ (ಊರ ದನ ಮೇಯುವ ಜಾಗ), ಗುಡ್ಡದ ಬುಡ, ಬಿತ್ತದೆ ಪಡ ಬಿಟ್ಟ ಹೊಲ, ಜಾಲಿ ಪೊದೆ, ಡಾಂಬರು ರಸ್ತೆ. ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅನ್ನುವುದನ್ನೂ ಬರೆಯಿರಿ. ಪ್ರತಿ ಹಂಗಾಮಿಗೆ ಇದೇ ನಕ್ಷೆಯ ಹೊಸ ಪ್ರತಿ ಮಾಡಿ. ಸಾಧ್ಯವಾದರೆ ಮನೆಯ ಹಿರಿಯರನ್ನು ಕೂಡಿಸಿಕೊಂಡು ಇಪ್ಪತ್ತು ವರ್ಷದ ಹಿಂದಿನ ನಕ್ಷೆಯನ್ನೂ ಬರೆಸಿ. ಯಾವ ಬದು ಒಡೆದು ಸಮ ಮಾಡಿದೆವು, ಯಾವ ಹಳ್ಳ ಒತ್ತುವರಿ ಆಯ್ತು ಅನ್ನುವುದು ಅವರಿಗೆ ನೆನಪಿರುತ್ತದೆ. ಎರಡು ನಕ್ಷೆ ಪಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಅಲ್ಲೇ ಸಿಗಬಹುದು.

ಹಂತ 4: ಹಿಕ್ಕೆ ಎಣಿಸಿ

ನಕ್ಷೆಯಲ್ಲಿ ಹತ್ತು ಜಾಗ ಆರಿಸಿ. ಬದು, ಹಳ್ಳದ ದಂಡೆ, ಬೆಳೆಯ ಅಂಚು, ಹೊಲದ ನಡುವೆ, ಗಾಯರಾಣ, ಎಲ್ಲ ಥರದ್ದೂ ಇರಲಿ. ಒಂದೊಂದು ಕಡೆ ಗೂಟ ಹೊಡೆದು, ಹಗ್ಗ ಕಟ್ಟಿ ಸುತ್ತ ತಿರುಗಿಸಿ. 1 ಮೀಟರ್ 78 ಸೆಂಟಿಮೀಟರ್ ಹಗ್ಗ ಸುತ್ತಿದರೆ ಬರುವ ವೃತ್ತ ಹೆಚ್ಚು ಕಮ್ಮಿ 10 ಚದರ ಮೀಟರ್. ಹತ್ತು ವೃತ್ತ ಸೇರಿ 100 ಚದರ ಮೀಟರ್.

ಮೊದಲ ದಿನ ವೃತ್ತದೊಳಗಿನ ಹಳೆಯ ಹಿಕ್ಕೆಯನ್ನೆಲ್ಲ ಆರಿಸಿ ಹೊರಗೆ ಹಾಕಿ. ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಹಾಳು. ಸರಿಯಾಗಿ 30 ದಿನ ಆದ ಮೇಲೆ ಹೋಗಿ ಹೊಸದಾಗಿ ಬಿದ್ದಿದ್ದನ್ನು ಎಣಿಸಿ, ಮತ್ತೆ ಆರಿಸಿ ತೆಗೆಯಿರಿ. ಉದಾಹರಣೆಗೆ ಹತ್ತು ವೃತ್ತದಲ್ಲಿ ಒಟ್ಟು 42 ಸಿಕ್ಕರೆ, ವೃತ್ತಕ್ಕೆ 4.2. ಪುಸ್ತಕದಲ್ಲಿ ತಾರೀಕು, ಮಳೆ, ಬೆಳೆ, ಕುರಿ ಹಾಯ್ದಿದ್ದವಾ ಅನ್ನುವುದರ ಜೊತೆ ಈ ಅಂಕಿ ಬರೆಯಿರಿ.

ಮಳೆಗಾಲದಲ್ಲಿ 30 ದಿನ ಕಾಯಬೇಡಿ. ಮಳೆಗೆ ಹಿಕ್ಕೆ ಕರಗುತ್ತದೆ, ಹುಳ ಎಳೆದೊಯ್ಯುತ್ತದೆ, ಗೆದ್ದಲು ತಿನ್ನುತ್ತದೆ. ಹತ್ತು ದಿನಕ್ಕೊಮ್ಮೆ ಎಣಿಸಿ, ತಿಂಗಳಿಗೆ ಕೂಡಿಸಿ.

ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗುತ್ತವೆ.

ಹಿಕ್ಕೆಯ ಅಂಕಿಯಿಂದ ಇಷ್ಟು ಮೊಲ ಇವೆ ಅಂತ ಹೇಳಲು ಹೋಗುವುದು ಮೊದಲನೆಯ ತಪ್ಪು. ಒಂದು ಮೊಲ ದಿನಕ್ಕೆ ನೂರಾರು ಹಿಕ್ಕೆ ಹಾಕುತ್ತದೆ, ಮೇವಿನ ಮೇಲೆ ಅದು ಹೆಚ್ಚು ಕಮ್ಮಿ ಆಗುತ್ತದೆ. ಈ ಅಂಕಿ ಬರೀ ಸೂಚಕ. ಸೂಚಕ ಅಂದರೆ ಏರಿತಾ ಇಳಿಯಿತಾ ಅಂತ ತೋರಿಸುವ ಗುರುತು, ತಲೆ ಎಣಿಕೆ ಅಲ್ಲ.

ಎರಡನೆಯದು, ಬೇರೆ ಬೇರೆ ಹಂಗಾಮನ್ನು ಹೋಲಿಸುವುದು. ಈ ವರ್ಷದ ಜನವರಿಯನ್ನು ಮುಂದಿನ ವರ್ಷದ ಜನವರಿ ಜೊತೆಗೇ ಹೋಲಿಸಬೇಕು.

ಮೂರನೆಯದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಜೋಳ, ಕಡಲೆ ರಾಶಿ ಮುಗಿದ ಮೇಲೆ ಎರೆ ಹೊಲವೆಲ್ಲ ಬಯಲಾಗುತ್ತದೆ. ಆಗ ಮೊಲ ಕಣ್ಣಿಗೆ ಬೀಳುವುದು ಜಾಸ್ತಿ. ಜನ ಈ ವರ್ಷ ಮೊಲ ಬಹಳ ಇವೆ ಅನ್ನುತ್ತಾರೆ. ನಿಜವಾಗಿ ಹೆಚ್ಚಾದದ್ದು ಮೊಲ ಅಲ್ಲ, ಅವುಗಳ ಮರೆ ಕಮ್ಮಿ ಆದದ್ದು. ಇದ್ದ ಮೊಲವೆಲ್ಲ ಹಳ್ಳ, ಗುಡ್ಡದ ಬುಡ, ಉಳಿದ ನಾಲ್ಕು ಪೊದೆಗೆ ಬಂದು ಸೇರಿರುತ್ತವೆ. ಬಹಳ ಕಾಣುವ ತಿಂಗಳೇ ಅವುಗಳಿಗೆ ಬಹಳ ಕಷ್ಟದ ತಿಂಗಳು.

ಎಚ್ಚರಿಕೆ: ರಾತ್ರಿ ಬ್ಯಾಟರಿ ಹಾಕಿಕೊಂಡು ಮೊಲ ಎಣಿಸಲು ಹೋಗಬೇಡಿ. ಸಂಶೋಧಕರು ಅನುಮತಿ ಪಡೆದು ಹಾಗೆ ಮಾಡುತ್ತಾರೆ. ಆದರೆ ಬೇಟೆ ಆಡುವವರೂ ಹಣೆಗೆ ಬ್ಯಾಟರಿ ಕಟ್ಟಿಕೊಂಡೇ ಹೋಗುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲದ ಬೇಟೆ ಅಪರಾಧ, ನಿಮ್ಮ ಮೇಲೆ ಅನುಮಾನ ಬರುತ್ತದೆ. ಹಾವು, ಚೇಳಿನ ಭಯ ಬೇರೆ.

ಹಂತ 5: ಕಾರಣ ಹುಡುಕಿ

ಅಂಕಿ ಇಳಿಯುತ್ತಿದೆ ಅಂತ ಆಯ್ತು. ಈಗ ಕಾರಣ ಒಂದೊಂದಾಗಿ ನೋಡಬೇಕು. ಎಲ್ಲರೂ ಮೊದಲು ನರಿ, ತೋಳದ ಮೇಲೆ ಬೆರಳು ತೋರಿಸುತ್ತಾರೆ. ನಾನು ಬದುವಿನಿಂದ ಶುರು ಮಾಡಿ ಅನ್ನುತ್ತೇನೆ.

*ಬದು ಮತ್ತು ಮರೆ.* ಮೊಲಕ್ಕೆ ತಿನ್ನಲು ಒಂದು ಜಾಗ, ಮಲಗಲು ಒಂದು ಜಾಗ ಬೇಕು, ಎರಡೂ ಹತ್ತಿರ ಹತ್ತಿರ ಇರಬೇಕು. ಹಳೆಯ ಒಣಬೇಸಾಯದಲ್ಲಿ ಇದು ತಾನಾಗಿಯೇ ಇತ್ತು. ಒಂದು ಕಡೆ ಸಜ್ಜೆ, ಪಕ್ಕದಲ್ಲಿ ಹೆಸರು, ಅದರಾಚೆ ಶೇಂಗಾ, ನಡುವೆ ಹುಲ್ಲು ತುಂಬಿದ ಬದು. ಒಂದು ಬೆಳೆ ಕೊಯ್ದರೆ ಇನ್ನೊಂದು ನಿಂತಿರುತ್ತಿತ್ತು. ಈಗ ಬದು ಒಡೆದು ಹೊಲ ದೊಡ್ಡದು ಮಾಡುತ್ತೇವೆ. ಊರಿಗೆ ಊರೇ ಹತ್ತಿ, ಇಲ್ಲವೇ ಮೆಕ್ಕೆಜೋಳ ಹಾಕುತ್ತೇವೆ. ಒಂದೇ ವಾರದಲ್ಲಿ ಎಲ್ಲ ಬಯಲು. ಯುರೋಪಿನಲ್ಲಿ ಇರುವುದು ಬೇರೆ ಜಾತಿಯ ಮೊಲ, ಆದರೆ ಅಲ್ಲಿ ಮೊಲ ಇಳಿದದ್ದಕ್ಕೂ ಬೇಸಾಯ ಹೀಗೆ ಬದಲಾದದ್ದೇ ಮುಖ್ಯ ಕಾರಣ ಅಂತ ಅಲ್ಲಿನ ಅಧ್ಯಯನಗಳು ಹೇಳುತ್ತವೆ. ನಿಮ್ಮ ನಕ್ಷೆಯಲ್ಲಿ ಹುಲ್ಲಿನ ಬದು ಎಷ್ಟು ಉಳಿದಿದೆ, ಎಷ್ಟು ಬಗೆಯ ಬೆಳೆ ಇದೆ, ಎಣಿಸಿ.

*ನೀರಾವರಿ.* ಸಿಂಧನೂರಿನವರ ಪ್ರಶ್ನೆಗೆ ಉತ್ತರ ಇಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಪ್ರದೇಶದಲ್ಲಿ ಹಸಿರು ಇದೆ, ಆದರೆ ಒಣ ನೆಲ ಇಲ್ಲ. ಗದ್ದೆಯಲ್ಲಿ ನೀರು ನಿಂತಿರುವಾಗ ಮರಿ ಎಲ್ಲಿ ಮಲಗಬೇಕು? ಗದ್ದೆಯ ಬದು ಕಿರಿದು, ಅದನ್ನೂ ಕೆತ್ತಿ ಬೋಳು ಮಾಡುತ್ತೇವೆ. ನೀರು ಸಿಕ್ಕ ವರ್ಷ ಬೇಸಿಗೆ ಬೆಳೆಯೂ ಸೇರಿ ಎರಡು ಸಲ ನೆಲ ಕೆಸರಾಗುತ್ತದೆ. ದೊಡ್ಡ ಮೊಲ ರಾತ್ರಿ ಬಂದು ಅಂಚಿನ ಹುಲ್ಲು ತಿಂದು ಹೋಗಬಹುದು. ಮರಿ ಬೆಳೆಸಲು ಆಗುವುದಿಲ್ಲ. ಆದ್ದರಿಂದ ಅಲ್ಲಿ ಕಾಲುವೆ ದಂಡೆ, ದಿಬ್ಬ, ಭತ್ತ ಇಲ್ಲದ ಮೂಲೆಗಳೇ ಮೊಲಕ್ಕೆ ಆಸರೆ. ಅವನ್ನೇ ಮೊದಲು ನೋಡಿ.

*ಯಂತ್ರ ಮತ್ತು ಬೆಂಕಿ.* ಮರಿ ಅಪಾಯ ಬಂದಾಗ ಓಡುವುದಿಲ್ಲ, ನೆಲಕ್ಕೆ ಒತ್ತಿಕೊಳ್ಳುತ್ತದೆ. ಹದ್ದು, ನರಿ ಎದುರು ಇದು ಒಳ್ಳೆಯ ಉಪಾಯ. ರೋಟವೇಟರ್ ಎದುರು ಇದೇ ಸಾವು. ಎತ್ತಿನ ಎಡೆಕುಂಟೆ ಹೊಡೆಯುವವನಿಗೆ ಕಾಲಡಿಯ ಮರಿ ಕಾಣುತ್ತಿತ್ತು. ಟ್ರ್ಯಾಕ್ಟರ್ ಮೇಲೆ ಕೂತವರಿಗೆ ಕಾಣುವುದಿಲ್ಲ. ಕೂಳೆಗೆ ಬೆಂಕಿ ಹಾಕಿದರೂ ಅಷ್ಟೇ, ಓಡಬಲ್ಲದ್ದು ಓಡುತ್ತದೆ, ಮರಿ ಅಲ್ಲೇ ಉಳಿಯುತ್ತದೆ. ಕಾಡುಮೊಲ ವರ್ಷದ ಯಾವ ಕಾಲದಲ್ಲಾದರೂ ಮರಿ ಹಾಕಬಹುದು, ಮಳೆಗಾಲದಲ್ಲಿ ಜಾಸ್ತಿ. ಒಂದು ಸಲಕ್ಕೆ ಒಂದರಿಂದ ನಾಲ್ಕು ಮರಿ. ಬೆಂಕಿಗೆ, ಯಂತ್ರಕ್ಕೆ ಸುರಕ್ಷಿತ ತಿಂಗಳು ಅಂತ ಒಂದಿಲ್ಲ.

*ವಿಷ.* ಇಲಿಗೆ ಇಡುವ ಝಿಂಕ್ ಫಾಸ್ಫೈಡ್ ಬೆರೆಸಿದ ಕಾಳನ್ನು ಹೊಲದ ಮೇಲೆ ಚೆಲ್ಲಿದರೆ ಮೊಲ, ಕೌಜುಗ, ನವಿಲು ಯಾವುದು ತಿಂದರೂ ಸಾಯುತ್ತದೆ. ಕಳೆನಾಶಕದ ಹಾನಿ ಬೇರೆ ಬಗೆಯದು. ಬದುವಿನ ಮೇಲೂ ಹೊಡೆದರೆ ಮೇವು ಮತ್ತು ಮರೆ ಎರಡೂ ಒಂದೇ ದಿನ ಹೋಗುತ್ತವೆ.

*ನಾಯಿ.* ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಬದುವಿನ ನಂತರದ ದೊಡ್ಡ ಕಾರಣ ಇದೇ. ತೋಳ, ನರಿ, ಕಾಡುಬೆಕ್ಕು, ಕೊಂಬಿನ ಗೂಬೆ ಎಲ್ಲವೂ ಮೊಲ ತಿನ್ನುತ್ತವೆ. ಆದರೆ ತಿನ್ನಲು ಮೊಲ ಕಮ್ಮಿ ಆದರೆ ಆ ಪ್ರಾಣಿಗಳ ಮರಿಗಳೂ ಉಳಿಯುವುದಿಲ್ಲ, ಮೊಲಕ್ಕೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮದಂಥ ಹುಲ್ಲುಗಾವಲಿನಲ್ಲಿ ತೋಳ, ಮೊಲ ಒಟ್ಟಿಗೇ ಬದುಕಿವೆ. ಬೀದಿ ನಾಯಿಗೆ ಈ ಲೆಕ್ಕ ಇಲ್ಲ. ಅದರ ಹೊಟ್ಟೆ ತುಂಬುವುದು ಊರ ಅನ್ನದಿಂದ, ಕೋಳಿ ಅಂಗಡಿಯ ಕಸದಿಂದ. ಹೊಲದಲ್ಲಿ ಒಂದೇ ಮೊಲ ಉಳಿದರೂ ನಾಯಿ ಸಂಖ್ಯೆ ಇಳಿಯುವುದಿಲ್ಲ. ಕೊನೆಯ ಮರಿಯವರೆಗೂ ಹಿಡಿಯುತ್ತದೆ. ನಕ್ಷೆಯಲ್ಲಿ ಕಸ ಸುರಿಯುವ ಜಾಗ ಎಲ್ಲಿದೆ ಅಂತ ಗುರುತು ಮಾಡಿ, ಅಲ್ಲಿಂದ ನಿಮ್ಮ ವೃತ್ತಗಳು ಎಷ್ಟು ದೂರ ನೋಡಿ.

*ಬೇಟೆ.* ಯುಗಾದಿ ಹೊತ್ತಿಗೆ ಮೊಲದ ಬೇಟೆಗೆ ಹೋಗುವ ರೂಢಿ ನಮ್ಮ ಭಾಗದ ಕೆಲವು ಊರುಗಳಲ್ಲಿ ಇನ್ನೂ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊಲ ಬಯಲಾಗಿ ಮೊಲವೆಲ್ಲ ನಾಲ್ಕು ಪೊದೆಗೆ ಸೇರಿರುವಾಗಲೇ ಈ ಬೇಟೆ ಬೀಳುತ್ತದೆ. ಬೇಸಿಗೆ ದಾಟಿದ್ದರೆ ಮುಂಗಾರಿನಲ್ಲಿ ಮರಿ ಹಾಕಬೇಕಾಗಿದ್ದ ಮೊಲಗಳು ಅವು. ಹಬ್ಬದ ಬಗ್ಗೆ ಪ್ರೀತಿ ಇರುವವನಾಗಿಯೇ ಹೇಳುತ್ತೇನೆ, ಈ ಒಂದನ್ನು ಬಿಡಬೇಕು. ಬದುವಿನಲ್ಲಿ ತಂತಿಯ ಉರುಲು ಕಂಡರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಇಟ್ಟವರ ಜೊತೆ ಜಗಳಕ್ಕೆ ಇಳಿಯಬೇಡಿ.

*ರಸ್ತೆ.* ರಾತ್ರಿ ಹೆಡ್‌ಲೈಟ್ ಬೆಳಕಿಗೆ ಮೊಲ ದಾರಿ ತಪ್ಪಿ ರಸ್ತೆ ಮೇಲೇ ಓಡುತ್ತದೆ. ಸತ್ತ ಮೊಲ ಕಂಡರೆ ಜಾಗ, ತಾರೀಕು ಬರೆದುಕೊಳ್ಳಿ, ಮುಟ್ಟಬೇಡಿ. ಸತ್ತ ಕಾಡುಪ್ರಾಣಿಯೂ ಕಾನೂನಿನ ಪ್ರಕಾರ ಸರ್ಕಾರದ ಸ್ವತ್ತು, ಮನೆಗೆ ಒಯ್ದರೆ ಕೇಸು ಆಗಬಹುದು.

*ಮಳೆ, ಬರ.* ಎಡೆಬಿಡದ ಜಡಿಮಳೆಗೆ ಮರಿ ನೆನೆದು ಚಳಿಗೆ ಸಾಯುತ್ತದೆ. ಬರ ಬಿದ್ದರೆ ಮೇವಿಲ್ಲ. ಇದು ನಮ್ಮ ಕೈಯಲ್ಲಿಲ್ಲ, ಆದರೆ ಪುಸ್ತಕದಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಮಳೆಯಿಂದ ಆದದ್ದನ್ನು ನಾಯಿಯ ತಲೆಗೆ ಕಟ್ಟುತ್ತೇವೆ.

*ಬಳ್ಳಾರಿ ಜಾಲಿ.* ಇದರ ಬಗ್ಗೆ ಎರಡೂ ಮಾತು ನಿಜ. ಹಗಲು ಮಲಗಲು ಒಳ್ಳೆಯ ಮರೆ ಕೊಡುತ್ತದೆ. ಆದರೆ ದಟ್ಟವಾದರೆ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಗಾಯರಾಣವನ್ನೆಲ್ಲ ಅದು ನುಂಗಿದರೆ ಮೊಲಕ್ಕೆ ಮೇವು ಹೋಯ್ತು. ತೆಗೆಯುವುದಾದರೆ ಒಂದೇ ಸಲ ಜೆಸಿಬಿ ಹಚ್ಚಿ ಬೋಳು ಮಾಡಬೇಡಿ. ತುಂಡು ತುಂಡಾಗಿ ತೆಗೆಯಿರಿ, ತೆಗೆದ ಜಾಗದಲ್ಲಿ ಹುಲ್ಲು ಬರಲಿ, ಆಮೇಲೆ ಮುಂದಿನದು.

ಹಂತ 6: ಮಾಡಬಹುದಾದದ್ದು ಮಾಡಿ

ಬದುವಿಗುಂಟ ಮೂರು ಅಡಿ ಅಗಲದ ಹುಲ್ಲಿನ ಪಟ್ಟಿ ಬಿಡಿ. ಚೌಕಾದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 208 ಅಡಿ. ಒಂದು ಬದಿಗೆ ಪಟ್ಟಿ ಬಿಟ್ಟರೆ ಹೋಗುವ ನೆಲ 624 ಚದರ ಅಡಿ, ಅಂದರೆ ಅರ್ಧ ಗುಂಟೆಗಿಂತ ಸ್ವಲ್ಪ ಜಾಸ್ತಿ. ಆ ಹುಲ್ಲು ದನಕ್ಕೂ ಆಗುತ್ತದೆ, ಆದರೆ ಪೂರ್ತಿ ಒಂದೇ ದಿನ ಕೊಯ್ಯಬೇಡಿ. ಅರ್ಧ ಈಗ, ಉಳಿದರ್ಧ ಒಂದು ತಿಂಗಳು ಬಿಟ್ಟು. ಮರಿಗೆ ಬೇಕಾದ ಒಂದು ತಿಂಗಳು ಅಂದೆನಲ್ಲ, ಅದಕ್ಕೇ ಈ ಲೆಕ್ಕ.

ಯಂತ್ರದಿಂದ ಕೊಯ್ಯುವಾಗ ನಡುವಿನಿಂದ ಶುರು ಮಾಡಿ ಅಂಚಿಗೆ ಬನ್ನಿ. ಅಂಚಿನಿಂದ ಸುತ್ತುತ್ತ ಒಳಗೆ ಹೋದರೆ ಮೊಲ ಕೊನೆಯ ತುಂಡು ಬೆಳೆಯೊಳಗೆ ಸಿಕ್ಕಿಕೊಳ್ಳುತ್ತದೆ. ರೋಟವೇಟರ್ ಹಾಕುವ ಮುಂಚೆ ಇಬ್ಬರು ಹೊಲದ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಮರಿ ಕಂಡರೆ ಅದರ ಸುತ್ತ ನಾಲ್ಕು ಕಟ್ಟಿಗೆ ನೆಟ್ಟು ಆ ಜಾಗ ಬಿಟ್ಟು ಹೊಡೆಯಿರಿ.

ಇಲಿ ಪಾಷಾಣ ಇಡಲೇಬೇಕಾದರೆ ಬಿಲದ ಒಳಗೆ ಇಟ್ಟು ಬಾಯಿ ಮುಚ್ಚಿ. ಹೊಲಕ್ಕೆ ಬರುವ ನಿಮ್ಮ ನಾಯಿಯನ್ನು ಸಂಜೆ, ನಸುಕಿನಲ್ಲಿ ಕಟ್ಟಿ ಹಾಕಿ. ಮುಧೋಳ ನಾಯಿ ಇದ್ದರಂತೂ ಮರೆಯಬೇಡಿ, ಮೊಲ ಅಟ್ಟುವುದು ಅದರ ರಕ್ತದಲ್ಲೇ ಇದೆ.

ಒಂದೇ ಹೊಲದಲ್ಲಿ ಇಷ್ಟು ಮಾಡಿದರೆ ಫಲ ಕಾಣುವುದು ಕಷ್ಟ. ಒಂದಕ್ಕೊಂದು ಹತ್ತಿರುವ ನಾಲ್ಕೈದು ಹೊಲದವರು ಸೇರಿದರೆ ಬದುಗಳು ಕೂಡಿ ಹಳ್ಳದವರೆಗೆ ಒಂದು ದಾರಿ ಆಗುತ್ತದೆ. ನಕ್ಷೆ ಹಿಡಿದುಕೊಂಡು ಹೋಗಿ ಅವರ ಜೊತೆ ಮಾತಾಡಿ.

ಹಂತ 7: ಬೆಳೆ ತಿನ್ನುತ್ತಿದ್ದರೆ

ಮೊದಲು ಮೊಲವೇ ಹೌದಾ ನೋಡಿ. ಓರೆ ಕಡಿತ ಇಲಿಯದ್ದೂ ಇರಬಹುದು, ಹತ್ತಿರ ಬಿಲ ಇದೆಯಾ, ಹಿಕ್ಕೆ ಯಾವುದು ಅಂತ ಹುಡುಕಿ. ಮೊಲ ಹೆಚ್ಚು ಹಾನಿ ಮಾಡುವುದು ಬೆಳೆ ಎಳೆಯ ಚಿಗುರಾಗಿರುವ ಮೊದಲ ಎರಡು ಮೂರು ವಾರ. ಅಷ್ಟು ದಿನ ಕಾಯ್ದರೆ ಸಾಕು. ಅಂಚಿನ ಸಾಲಿಗೆ ಎರಡೂವರೆ ಅಡಿ ಎತ್ತರದ ಬಲೆ ನೇರವಾಗಿ ಬಿಗಿದು, ಬುಡಕ್ಕೆ ಮಣ್ಣು ಏರಿಸಿ. ಸಡಿಲ ಬಿಟ್ಟರೆ ಮೊಲ, ಹಾವು ಸಿಕ್ಕಿಕೊಂಡು ಸಾಯುತ್ತವೆ. ಬಲೆ ಇಲ್ಲದಿದ್ದರೆ ಹಳೆ ಸೀರೆ ನೆಲಕ್ಕೆ ತಾಕುವಂತೆ ಕಟ್ಟಿ. ತಂತಿಗೆ ಕರೆಂಟ್ ಕೊಡುವ ಕೆಲಸ ಮಾತ್ರ ಯಾವ ಕಾರಣಕ್ಕೂ ಬೇಡ. ಅದಕ್ಕೆ ಸಿಕ್ಕಿ ಮನುಷ್ಯರೇ ಸಾಯುತ್ತಾರೆ.

ಬೆಳೆ ಒಂದು ಗೇಣು ದಾಟಿ ದಂಟು ಗಟ್ಟಿಯಾದ ಮೇಲೆ ಬಲೆ ಬಿಚ್ಚಿ ಸುತ್ತಿಡಿ. ಹಾಗೇ ಬಿಟ್ಟರೆ ಬಿಸಿಲಿಗೆ ಪಿಸಿದು ಹೋಗುತ್ತದೆ, ಮುಂದಿನ ಹಂಗಾಮಿಗೆ ಬರುವುದಿಲ್ಲ.